ಆರಿದ್ರೆಗೆ ಕಾಯುವವರು

ಹೊರಗೆ ಹೇಳಿಕೊಳ್ಳಲಾಗದ ಆಸೆಗಳು ಎಲ್ಲರಿಗೂ ಇರುತ್ತವೆ. ನನ್ನದು, ಒಂದು ನಕ್ಷತ್ರ ಸಿಡಿದು ಚೂರಾಗುವುದನ್ನು ಕಣ್ಣಾರೆ ನೋಡಬೇಕು ಎಂಬುದು. ಯಾವುದೋ ಒಂದಲ್ಲ, ಆರಿದ್ರಾ ನಕ್ಷತ್ರವೇ ಆಗಬೇಕು. ಅದರ ಮೇಲೆ ನನಗೇನೂ ಹಗೆಯಿಲ್ಲ. ಇಡೀ ಆಕಾಶದಲ್ಲಿ ನನಗೆ ಮೊದಲು ಗುರುತು ಸಿಕ್ಕಿದ್ದೇ ಅದು. ಆದರೆ ಅದು ಹೇಗಿದ್ದರೂ ಸಿಡಿಯುವ ಜಾತಿಯದು. ಸಿಡಿಯುವುದು ಸಿಡಿಯುತ್ತದೆ, ನಾನು ಇರುವಾಗಲೇ ಸಿಡಿದರೆ ಅದರ ಗಂಟೇನು ಹೋಗುತ್ತದೆ?

ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರು. ಜೂನ್, ಜುಲೈ ಎಂಬ ಲೆಕ್ಕ ಸಂಬಳದವರದು. ಹೊಲದವರದು ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಸೂರ್ಯ ಯಾವ ನಕ್ಷತ್ರದ ಸೀಮೆಯಲ್ಲಿ ನಡೆಯುತ್ತಿದ್ದಾನೋ ಆ ಹೆಸರಿನ ಮಳೆ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಒಂದೊಂದಕ್ಕೂ ಒಂದು ಗಾದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಆರಿದ್ರೆಯದು ಮಾತ್ರ ತುಸು ಬೆದರಿಕೆಯ ಧಾಟಿ: ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರೆ. ಜೂನ್ 22ರ ಹೊತ್ತಿಗೆ ಹುಟ್ಟುವ ಈ ಮಳೆ ಕೈಕೊಟ್ಟರೆ ಆ ವರ್ಷದ ಕಥೆ ಮುಗಿದಂತೆಯೇ.

ತಮಾಷೆಯೆಂದರೆ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಯಾರಿಗೂ ಕಾಣುವುದಿಲ್ಲ. ಮೋಡದ ಮಾತಲ್ಲ; ಆಗ ಸೂರ್ಯ ಅದರ ಪಕ್ಕದಲ್ಲೇ ಇರುವುದರಿಂದ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿ ಒಟ್ಟಿಗೆ ಮುಳುಗುತ್ತವೆ. ನಕ್ಷತ್ರದ ಮುಖ ನೋಡಬೇಕಾದರೆ ಮಳೆಗಾಲ ಕಳೆದು, ಕೊಯ್ಲಾಗಿ, ಕಣದಲ್ಲಿ ರಾಗಿ ತೆನೆ ಹರಡುವ ಚಳಿಯ ದಿನಗಳಲ್ಲಿ, ಊಟವಾದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು. ಮಹಾವ್ಯಾಧ ಎಂಬ ಬೇಟೆಗಾರ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಸಾಲು ಯಾರಿಗೂ ತಪ್ಪುವಂಥದಲ್ಲ. ಅದರಿಂದ ಎಡಕ್ಕೆ, ಉತ್ತರದ ಕಡೆಗೆ, ಕೆಂಡದ ಬಣ್ಣದ್ದೊಂದು ಕಾಣುತ್ತದಲ್ಲ, ಅದೇ. ಪಾಶ್ಚಾತ್ಯರ ಬೆಟಲ್‌ಗೂಸ್. ಪಂಚಾಂಗದಲ್ಲಿ ಅದರ ದೇವತೆ ರುದ್ರ. ಸಿಡಿಯಲು ಕೂತ ನಕ್ಷತ್ರವನ್ನು ರುದ್ರನಿಗೆ ಒಪ್ಪಿಸಿದವರು ಮುಂದಿನದನ್ನೇನೂ ಕಂಡಿರಲಾರರು, ಆ ಕೆಂಪನ್ನು ಕಂಡಿದ್ದಾರೆ, ಅಷ್ಟೇ ಸಾಕಾಗಿದೆ.

2019ರ ಕೊನೆಗೆ ಆ ಕೆಂಡ ಮಂಕಾಗತೊಡಗಿತು. ಅದನ್ನು ತಿಳಿಯಲು ಉಪಕರಣವೇನೂ ಬೇಕಾಗಿರಲಿಲ್ಲ. ಮಹಡಿ ಮೇಲೆ ನಿಂತು ಅಲ್ಲೇ ಮೇಲಿರುವ ರೋಹಿಣಿಯ ಜೊತೆ ತಾಳೆ ನೋಡಿದರೆ ಸಾಕಿತ್ತು. ಸಾಮಾನ್ಯವಾಗಿ ಹೊಳಪಿನಲ್ಲಿ ರೋಹಿಣಿಗಿಂತ ಒಂದು ಕೈ ಮೇಲಿರುವ ಆರಿದ್ರೆ ಜನವರಿಯ ಹೊತ್ತಿಗೆ ಅದಕ್ಕಿಂತ ಕೆಳಗಿಳಿದಿತ್ತು. 2020ರ ಫೆಬ್ರುವರಿಯಲ್ಲಿ ಅದರ ಹೊಳಪು ಮಾಮೂಲಿನ ಅರ್ಧಕ್ಕೂ ಕಡಿಮೆ. ಇನ್ನೇನು ಸಿಡಿದೇ ಬಿಟ್ಟಿತು ಎಂದು ಪತ್ರಿಕೆಗಳು ಬರೆದವು. ನಾನು ರಾತ್ರಿ ಮಫ್ಲರ್ ಸುತ್ತಿಕೊಂಡು ಮಹಡಿ ಹತ್ತುವುದು ವಾಡಿಕೆಯಾಯಿತು. ಊರಿಂದ ಬಂದಿದ್ದ ದೊಡ್ಡಪ್ಪ ಒಂದು ರಾತ್ರಿ ಹಿಂದೆಯೇ ಹತ್ತಿ ಬಂದರು.

"ಏನೋ ಅದು, ದಿನಾ ಬಂದು ಮೇಲ್ ನೋಡ್ತಾ ನಿಂತ್ಕೋತೀಯ?"

"ಆರಿದ್ರಾ ನಕ್ಷತ್ರ ದೊಡ್ಡಪ್ಪ. ಸಿಡೀಬಹುದು ಅಂತಿದಾರೆ."

ದೊಡ್ಡಪ್ಪ ಅದನ್ನೇ ದಿಟ್ಟಿಸಿದರು. ಹುಡುಗನಾಗಿದ್ದಾಗಿನಿಂದ ಆರಿದ್ರಾ ಮಳೆಗೆ ಕಾದ ಮನುಷ್ಯ ಆರಿದ್ರೆಯನ್ನು ನೋಡಿದ್ದು ಆವತ್ತೇ ಮೊದಲು. "ಹಂಗಾದ್ರೆ ಮಳೆ ಗತಿ ಏನಪ್ಪಾ?" ಎಂದರು.

ಖಗೋಳದ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ, ಉತ್ತರ ನಾನೇ ಹುಡುಕಬೇಕಾಯಿತು. ಪಂಚಾಂಗದವರು ಸೂರ್ಯನ ದಾರಿಯನ್ನು 27 ಸಮಪಾಲು ಮಾಡಿ ಒಂದೊಂದು ಪಾಲಿಗೆ ಒಂದೊಂದು ನಕ್ಷತ್ರದ ಹೆಸರು ಕೊಟ್ಟಿದ್ದಾರೆ. ಸಾಹೇಬರು ನಿವೃತ್ತರಾದರೂ ಅವರ ಹುದ್ದೆಯ ಹೆಸರಿಗೆ ಫೈಲು ಬರುತ್ತಲೇ ಇರುವ ಹಾಗೆ, ನಕ್ಷತ್ರ ಹೋದರೂ ಅದರ ಹೆಸರಿನ ಮಳೆ ಬರುತ್ತದೆ. ಇಷ್ಟು ಹೇಳಿದ ಮೇಲೆ ದೊಡ್ಡಪ್ಪ, "ಹಂಗಾದ್ರೆ ಸಿಡೀಲಿ ಬಿಡು" ಎಂದು ಅಪ್ಪಣೆ ಕೊಟ್ಟು ಇಳಿದು ಹೋದರು.

ಅಪ್ಪಣೆ ಸಿಕ್ಕಿದರೂ ಅದು ಸಿಡಿಯಲಿಲ್ಲ. ತನ್ನ ಮೈಮೇಲಿನ ಅನಿಲವನ್ನು ಒಂದಷ್ಟು ಉಗುಳಿತ್ತು, ಅದು ತಣಿದು ಧೂಳಾಗಿ ನಮಗೂ ಅದಕ್ಕೂ ನಡುವೆ ಅಡ್ಡ ನಿಂತಿತ್ತು ಎಂದು ಆಮೇಲೆ ತಿಳಿಯಿತು. ಬೇಸಿಗೆ ಬರುವ ಹೊತ್ತಿಗೆ ಹಳೆಯ ಹೊಳಪೇ. ಒಂದು ಲಕ್ಷ ವರ್ಷದೊಳಗೆ ಸಿಡಿದೀತು ಎಂಬುದು ಬಲ್ಲವರ ಅಂದಾಜು. ಇವತ್ತಿನ ರಾತ್ರಿಯೂ ಆ ಒಂದು ಲಕ್ಷ ವರ್ಷದೊಳಗೇ ಸೇರುತ್ತದೆ ಎಂಬುದೇ ನನ್ನಂಥವರ ಆಸರೆ. ಜೊತೆಗೆ ಅದರ ದೂರ 500ರಿಂದ 700 ಜ್ಯೋತಿರ್ವರ್ಷ. ನಾವು ನೋಡುತ್ತಿರುವುದು ಹಂಪೆಯಲ್ಲಿ ರಾಯರು ಆಳುತ್ತಿದ್ದ ಕಾಲದ ಆರಿದ್ರೆಯನ್ನು. ಇಷ್ಟು ದೂರದಿಂದ ಅದು ನಮಗೆ ಯಾವ ಅಪಾಯವನ್ನೂ ಮಾಡಲಾರದು. ಕೆಲವು ವಾರ ಅರ್ಧಚಂದ್ರನಷ್ಟು ಬೆಳಗಿ, ಹಗಲಲ್ಲೂ ಕಂಡು, ವರ್ಷ ಎರಡು ವರ್ಷದಲ್ಲಿ ಆರಿ ಹೋಗುತ್ತದೆ. ಮಹಾವ್ಯಾಧನಿಗೆ ಒಂದು ಭುಜ ಇಲ್ಲದಂತಾಗುತ್ತದೆ.

ಸಿಡಿಯುವುದು ಎನ್ನುತ್ತೇವೆ, ಆದರೆ ಅಲ್ಲಿ ಮೊದಲು ಆಗುವುದು ಕುಸಿತ. ನಕ್ಷತ್ರದ ಬಾಳೆಲ್ಲ ಒಂದು ಜಗ್ಗಾಟ: ಸ್ವಂತ ಭಾರ ಒಳಕ್ಕೆ ಎಳೆಯುತ್ತದೆ, ಒಡಲ ಬೆಂಕಿ ಹೊರಕ್ಕೆ ತಳ್ಳುತ್ತದೆ. ನಮ್ಮ ಸೂರ್ಯ ಹೈಡ್ರೋಜನ್ ಬೆಸೆದು ಹೀಲಿಯಂ ಮಾಡುತ್ತ, ಹಿಡಿತದಲ್ಲಿ ಖರ್ಚು ಮಾಡುತ್ತ, ಒಟ್ಟು 1000 ಕೋಟಿ ವರ್ಷ ಬಾಳುವ ಗೃಹಸ್ಥ. ಅದರಲ್ಲಿ ಇನ್ನೂ ಅರ್ಧ ಆಯಸ್ಸು ಬಾಕಿಯಿದೆ. ಆರಿದ್ರೆ ಹುಟ್ಟುವಾಗಲೇ ಸೂರ್ಯನ ಹದಿನೈದು ಇಪ್ಪತ್ತು ಪಟ್ಟು ತೂಕದ ಗಂಟು ಕಟ್ಟಿಕೊಂಡು ಹುಟ್ಟಿದ್ದು, ಆದರೆ ಅದರ ದುಂದು ಗಂಟಿಗಿಂತ ದೊಡ್ಡದು. ಸುಮಾರು ಒಂದು ಕೋಟಿ ವರ್ಷಕ್ಕೇ ಮುಪ್ಪು ಬಂದಿದೆ. ಮೈ ಊದಿಕೊಂಡಿದೆ, ಸೂರ್ಯನ ಜಾಗದಲ್ಲಿ ತಂದಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಹೊಟ್ಟೆಯೊಳಗೆ.

ಇಂಥ ನಕ್ಷತ್ರದ ಕೊನೆಗಾಲ ನೋಡಿ. ಹೈಡ್ರೋಜನ್ ತೀರಿದ ಮೇಲೆ ಹೀಲಿಯಂ ಉರಿಸಿಕೊಂಡು ಕೆಲವು ಲಕ್ಷ ವರ್ಷ ತಳ್ಳುತ್ತದೆ. ಅದೂ ತೀರಿತು, ಇಂಗಾಲ: ನೂರಾರು ವರ್ಷ. ನಿಯಾನ್, ಒಂದು ವರ್ಷದ ಆಸುಪಾಸು. ಆಮ್ಲಜನಕ, ತಿಂಗಳುಗಳ ಲೆಕ್ಕ. ಸಿಲಿಕಾನ್ ಬಂತೆಂದರೆ ಹೆಚ್ಚುಕಡಿಮೆ ಒಂದು ದಿನ. ಸಿಲಿಕಾನ್ ಉರಿದು ಉಳಿಯುವುದು ಕಬ್ಬಿಣ, ಮತ್ತು ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಬದಲಿಗೆ ಕೈಯಿಂದ ಹಾಕಬೇಕಾಗುತ್ತದೆ. ಅಲ್ಲಿಗೆ ಒಲೆ ನಂದಿತು. ಭೂಮಿಯಷ್ಟು ದೊಡ್ಡದಿದ್ದು ಸೂರ್ಯನಿಗಿಂತ ಹೆಚ್ಚು ತೂಗುವ ಕಬ್ಬಿಣದ ಗರ್ಭ ಒಂದು ಸೆಕೆಂಡಿನೊಳಗೆ, ಬೆಳಕಿನ ಕಾಲು ಭಾಗ ವೇಗದಲ್ಲಿ ಒಳಕ್ಕೆ ಬೀಳುತ್ತದೆ. ಕೊನೆಗೆ ಉಳಿಯುವುದು ಸುಮಾರು 20 ಕಿಲೋಮೀಟರ್ ಅಡ್ಡಗಲದ ನ್ಯೂಟ್ರಾನ್ ಉಂಡೆ. ಅದಕ್ಕಿಂತ ಒಳಕ್ಕೆ ಹೋಗಲಾರದೆ ಬಿದ್ದದ್ದು ಪುಟಿಯುತ್ತದೆ, ಒಳಗಿನಿಂದ ನ್ಯೂಟ್ರಿನೋ ಎಂಬ ಕಣಗಳ ನೂಕು ಸೇರುತ್ತದೆ, ಆ ಹೊಡೆತ ಹೊರಪದರಗಳನ್ನು ಕಿತ್ತೆಸೆಯುತ್ತದೆ. ನನಗೆ ಈ ಇಡೀ ಪ್ರಸಂಗದಲ್ಲಿ ಹಿಡಿಸಿದ ಭಾಗ ಬೇರೆಯೇ: ಒಡಲಲ್ಲಿ ಇಷ್ಟೆಲ್ಲ ಮುಗಿದು ಹೋದರೂ ನಕ್ಷತ್ರದ ಮೇಲ್ಮೈಗೆ ಇನ್ನೂ ಸುಳಿವಿರುವುದಿಲ್ಲ. ಹೊಡೆತ ಅಲ್ಲಿಗೆ ಮುಟ್ಟಲು ಗಂಟೆಗಟ್ಟಲೆ ಬೇಕು, ಆರಿದ್ರೆಯಷ್ಟು ಊದಿದ ಮೈಯಾದರೆ ಒಂದು ದಿನವೂ ಆದೀತು. ಅಲ್ಲಿಯವರೆಗೆ ಅದು ಎಂದಿನಂತೆ ಮಿನುಗುತ್ತ ಇರುತ್ತದೆ.

ಆಕಾಶಗಂಗೆಯಲ್ಲಿ ಇಂಥದು ಶತಮಾನಕ್ಕೆ ಒಂದೆರಡು ಆಗುತ್ತದೆ ಎಂದು ಲೆಕ್ಕ. ಹೆಚ್ಚಿನವು ಧೂಳಿನ ಆಚೆ ಸಿಡಿದು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತವೆ. 1054ರ ಜುಲೈಯಲ್ಲಿ ವೃಷಭ ರಾಶಿಯಲ್ಲಿ ಸಿಡಿದದ್ದನ್ನು ಚೀನಾದ ಆಸ್ಥಾನದವರು 'ಅತಿಥಿ ನಕ್ಷತ್ರ' ಎಂದು ಕರೆದು ದಾಖಲಿಸಿದ್ದಾರೆ: 23 ದಿನ ಹಗಲಲ್ಲೇ ಕಂಡಿತು, ರಾತ್ರಿ ಹೆಚ್ಚುಕಡಿಮೆ ಎರಡು ವರ್ಷ. ಆಗ ಕಲ್ಯಾಣದಲ್ಲಿ ಆಹವಮಲ್ಲ ಸೋಮೇಶ್ವರ ಆಳುತ್ತಿದ್ದ. ಆ ಸುಮಾರಿನಲ್ಲೇ ಕೊಪ್ಪಂ ಕಾಳಗದಲ್ಲಿ ಚೋಳರ ರಾಜಾಧಿರಾಜ ಆನೆಯ ಮೇಲೆ ಕೂತಲ್ಲೇ ಪ್ರಾಣ ಬಿಟ್ಟ. ನನಗೆ ತಿಳಿದಂತೆ ನಮ್ಮ ಶಾಸನಗಳಲ್ಲಿ ಆ ಅತಿಥಿಯ ಮಾತಿಲ್ಲ. ಹಾಗೆಂದು ಶಾಸನ ಬರೆಸಿದವರು ಆಕಾಶ ನೋಡದವರೇನಲ್ಲ. ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಮಣ ಎಂದು ದಿನ ಹಿಡಿದು ಕಲ್ಲಿನಲ್ಲಿ ಕೊರೆಸಿದ್ದಾರೆ. ಆದರೆ ಗ್ರಹಣದಲ್ಲಿ ಭೂದಾನ ಕೊಟ್ಟರೆ ಪುಣ್ಯ ಇಂತಿಷ್ಟು ಎಂಬ ಲೆಕ್ಕವಿತ್ತು. ಹೇಳದೆ ಕೇಳದೆ ಬಂದ ನಕ್ಷತ್ರಕ್ಕೆ ಯಾವ ಪುಣ್ಯವೂ ನಿಗದಿಯಾಗಿರಲಿಲ್ಲ. ಅತಿಥಿ ಸಿಡಿದ ಜಾಗದಲ್ಲಿ ಈಗ ಏಡಿ ನೀಹಾರಿಕೆಯ ಚಿಂದಿ ಹರಡಿಕೊಂಡಿದೆ, ನಡುವೆ ಒಂದು ನ್ಯೂಟ್ರಾನ್ ನಕ್ಷತ್ರ ಸೆಕೆಂಡಿಗೆ 30 ಸುತ್ತು ತಿರುಗುತ್ತಿದೆ.

ಆಮೇಲೆ 1572ರಲ್ಲಿ ಟೈಕೋ ಬ್ರಾಹೆ ಒಂದನ್ನು ಕಂಡ, 1604ರಲ್ಲಿ ಕೆಪ್ಲರ್ ಇನ್ನೊಂದನ್ನು. ದೂರದರ್ಶಕ ಬಂದದ್ದು 1608ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಆಕಾಶಗಂಗೆಯಲ್ಲಿ ಬರಿಗಣ್ಣಿಗೆ ರಾಚುವಂಥ ಒಂದೇ ಒಂದು ಸಿಡಿತ ಕಂಡಿಲ್ಲ. ಮನುಷ್ಯ ನೋಡಲು ಸಜ್ಜಾದ ಕೂಡಲೇ ಪ್ರದರ್ಶನ ನಿಲ್ಲಿಸಿದ ಈ ಆಕಾಶಕ್ಕೆ ಏನನ್ನಬೇಕು?

ಸ್ವಲ್ಪ ಸಮಾಧಾನವಾದದ್ದು 1987ರಲ್ಲಿ, ಅದೂ ಪಕ್ಕದ ಪುಟ್ಟ ಗೆಲಾಕ್ಸಿಯಲ್ಲಿ, 1,68,000 ಜ್ಯೋತಿರ್ವರ್ಷ ಆಚೆ. ಫೆಬ್ರುವರಿ 23ರ ರಾತ್ರಿ ಚಿಲಿ ದೇಶದ ಲಾಸ್ ಕಂಪಾನಸ್ ಬೆಟ್ಟದಲ್ಲಿ ಇಯಾನ್ ಶೆಲ್ಟನ್ ಎಂಬ ಯುವಕ ತಾನು ತೆಗೆದ ಛಾಯಾಫಲಕವನ್ನು ತೊಳೆದು ನೋಡುತ್ತಾನೆ, ಇರಬಾರದ ಜಾಗದಲ್ಲಿ ದಪ್ಪನೆಯ ಚುಕ್ಕೆ. ಫಲಕದ ದೋಷವಿರಬೇಕೆಂದು ಹೊರಗೆ ಬಂದು ಕತ್ತೆತ್ತಿದರೆ ಅದು ಬರಿಗಣ್ಣಿಗೇ ಕಾಣುತ್ತಿದೆ. ಓಡಿ ಹೋಗಿ ಇತರರಿಗೆ ಹೇಳಿದ. ಅಲ್ಲಿದ್ದ ದೂರದರ್ಶಕದ ನಿರ್ವಾಹಕ ಆಸ್ಕರ್ ದುಆಲ್ಡೆ, ಹೌದು, ಆಗಲೇ ಹೊರಗೆ ಹೋದಾಗ ನಾನೂ ನೋಡಿದೆ ಎಂದ. ನೋಡಿ, ಒಳಗೆ ಬಂದು, ಕೆಲಸದ ಗಡಿಬಿಡಿಯಲ್ಲಿ ಯಾರಿಗೂ ಹೇಳಿರಲಿಲ್ಲ! ಆಕಾಶವನ್ನು ಅಂಗೈಯಂತೆ ಬಲ್ಲ ಮನುಷ್ಯ ಮಾತ್ರ ಹೀಗೆ ಒಂದೇ ನೋಟಕ್ಕೆ ಹೊಸಬನನ್ನು ಗುರುತಿಸಬಲ್ಲ. ನನಗೆ ದುಆಲ್ಡೆಯ ಮೇಲೆ ವಿಶೇಷ ಗೌರವ.

ಈ ಇಬ್ಬರಿಗಿಂತಲೂ ಮೊದಲೇ ಸುದ್ದಿ ಬಂದಿತ್ತು, ನೆಲದಡಿಗೆ. ಬೆಳಕು ಮುಟ್ಟುವ ಕೆಲವು ಗಂಟೆ ಮುಂಚೆ ಜಪಾನಿನ ಕಮಿಯೋಕಾ ಗಣಿಯ ನೀರಿನ ತೊಟ್ಟಿ, ಅಮೆರಿಕದ ಒಂದು ಉಪ್ಪಿನ ಗಣಿ, ರಷ್ಯಾದ ಬಕ್ಸಾನ್ ಸುರಂಗ, ಮೂರೂ ಕಡೆ ಸೇರಿ ಸುಮಾರು ಎರಡು ಡಜನ್ ನ್ಯೂಟ್ರಿನೋಗಳು ಸಿಕ್ಕಿಬಿದ್ದವು. ಇಂಥ ಸಿಡಿತ, ಅಂದರೆ ಸೂಪರ್ನೋವಾ, ಇಡೀ ಗೆಲಾಕ್ಸಿಯನ್ನು ಮಂಕಾಗಿಸುವಷ್ಟು ಬೆಳಗುತ್ತದೆ ಎಂದು ಬಾಯಿ ಬಿಡುತ್ತೇವಲ್ಲ, ಆ ಬೆಳಕು ಒಟ್ಟು ಶಕ್ತಿಯಲ್ಲಿ ಲೆಕ್ಕಕ್ಕೇ ಬಾರದಷ್ಟು. ನೂರಕ್ಕೆ 99 ಪಾಲು ನ್ಯೂಟ್ರಿನೋಗಳೇ ಹೊತ್ತೊಯ್ಯುತ್ತವೆ. ನಕ್ಷತ್ರದ ಮೈಯನ್ನು, ಭೂಮಿಯನ್ನು, ನನ್ನನ್ನು, ನಿಮ್ಮನ್ನು ತೂರಿಕೊಂಡು ಯಾರಿಗೂ ತಾಕದೆ ಹೊರಟು ಹೋಗುತ್ತವೆ. ಕಮಿಯೋಕಾ ಪ್ರಯೋಗದ ಮುಂದಾಳು ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಗಣಿಯಲ್ಲಿ ಕೂತು ನ್ಯೂಟ್ರಿನೋ ಹಿಡಿಯುವ ಈ ವಿದ್ಯೆಗೆ ನಮ್ಮ ಕೋಲಾರದಲ್ಲಿ ಒಂದು ಹಳೆಯ ಬೇರಿದೆ. ಕೆಜಿಎಫ್ ಎಂದ ಕೂಡಲೇ ಈಗಿನವರಿಗೆ ಸಿನಿಮಾ. ನನ್ನ ವಯಸ್ಸಿನವರಿಗೆ ಚಿನ್ನ ಮತ್ತು ಸೈನೈಡ್ ದಿಬ್ಬ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆಗೂಡಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಪತ್ತೆ ಹಚ್ಚಿ, ಅದನ್ನು ಮೊತ್ತಮೊದಲು ಪ್ರಕಟಿಸಿದರು. ಆ ತಂಡದ ಬಿ.ವಿ. ಶ್ರೀಕಂಠನ್ ನಮ್ಮ ನಂಜನಗೂಡಿನವರು. ಅಷ್ಟು ಆಳಕ್ಕೆ ಇಳಿಯುವುದು ಯಾಕೆಂದರೆ ಮೇಲಿನಿಂದ ಸುರಿಯುವ ಬೇರೆ ಕಣಗಳನ್ನೆಲ್ಲ ಬಂಡೆ ತಡೆದುಕೊಳ್ಳುತ್ತದೆ, ನ್ಯೂಟ್ರಿನೋ ಮಾತ್ರ ಬಂಡೆಗೆ ಸೊಪ್ಪು ಹಾಕುವುದಿಲ್ಲ. ಒಂದೇ ಬಾವಿಯಲ್ಲಿ ಒಬ್ಬರು ಚಿನ್ನದ ಅದಿರಿಗೆ, ಇನ್ನೊಬ್ಬರು ತೂಕವೇ ಇಲ್ಲವೆನ್ನಬಹುದಾದ ಕಣಕ್ಕೆ ಇಳಿಯುತ್ತಿದ್ದರು. ಗಣಿ 2001ರಲ್ಲಿ ಮುಚ್ಚಿತು, ಆ ಬಾವಿಗಳಲ್ಲಿ ಈಗ ನೀರು.

ಚಿನ್ನದ ಮಾತು ಬಂತು. ಮನೆಯಲ್ಲಿ ಒಂದು ಮದುವೆಗೆಂದು ಅಜ್ಜಿಯ ಅವಲಕ್ಕಿ ಸರ ಕರಗಿಸುವುದೆಂದು ತೀರ್ಮಾನವಾಗಿ ಅದನ್ನು ಒಯ್ದವನು ನಾನು. ಆಚಾರ್ರು ಕನ್ನಡಕ ಹಣೆಗೇರಿಸಿ, ಕಪ್ಪನೆಯ ಒರೆಗಲ್ಲಿನ ಮೇಲೆ ಸರದ ಒಂದು ಕೊಂಡಿಯನ್ನು ಎಳೆದರು. ಕೂದಲೆಳೆಯಷ್ಟು ಹಳದಿ ಗೆರೆ ಮೂಡಿತು. ಅದರ ಪಕ್ಕದಲ್ಲೇ ತಮ್ಮ ಕಡ್ಡಿಯದೊಂದು ಗೆರೆ. ಎರಡರ ಮೇಲೂ ಆಸಿಡ್ಡಿನ ಹನಿ ಮುಟ್ಟಿಸಿ, ಕಲ್ಲನ್ನು ಬೆಳಕಿಗೆ ವಾಲಿಸಿ ನೋಡಿದರು. ಗೆರೆ ಕದಲಲಿಲ್ಲ.

"ಹಳೇ ಕಾಲದ್ದು ಸ್ವಾಮಿ. ಕೋಲಾರದ ಚಿನ್ನವೇ ಇರಬೇಕು."

"ಕೋಲಾರಕ್ಕೆ ಎಲ್ಲಿಂದ ಬಂತು ಆಚಾರ್ರೇ?"

"ಭೂಮ್ತಾಯಿ ಕೊಟ್ಟದ್ದು."

ಭೂಮ್ತಾಯಿಗೆ ಯಾರು ಕೊಟ್ಟರು ಎಂಬುದಕ್ಕೆ ನೇರ ಸಾಕ್ಷಿ ಸಿಕ್ಕಿದ್ದು 2017ರ ಆಗಸ್ಟ್ 17ರಂದು. 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಹಿಂದೆಂದೋ ಸಿಡಿದ ಎರಡು ದೊಡ್ಡ ನಕ್ಷತ್ರಗಳ ಗರ್ಭಗಳು, ಒಂದನ್ನೊಂದು ಸುತ್ತುತ್ತ ಸುತ್ತುತ್ತ ಹತ್ತಿರವಾಗಿ ಡಿಕ್ಕಿ ಹೊಡೆದವು. ಅಮೆರಿಕದ ಲೈಗೋ, ಇಟಲಿಯ ವರ್ಗೋ ವೀಕ್ಷಣಾಲಯಗಳು ಅದರ ಗುರುತ್ವ ಅಲೆ ಹಿಡಿದವು. ಎರಡು ಸೆಕೆಂಡಿನೊಳಗೆ ಗಾಮಾ ಕಿರಣದ ಮಿಂಚು. ಆ ರಾತ್ರಿ ಅದರ ಬೆಳಕನ್ನು ಮೊದಲು ಪತ್ತೆ ಮಾಡಿದ್ದು ಮತ್ತದೇ ಲಾಸ್ ಕಂಪಾನಸ್ ಬೆಟ್ಟದ ದೂರದರ್ಶಕ. ಆ ಬೆಳಕನ್ನು ಬಿಡಿಸಿ ನೋಡಿದಾಗ ಭಾರದ ಧಾತುಗಳು ರಾಶಿರಾಶಿಯಾಗಿ ಹುಟ್ಟುತ್ತಿದ್ದದ್ದು ಕಂಡಿತು. ಚಿನ್ನ ಒಂದೇ ಭೂಮಿಯ ತೂಕದ ಹಲವು ಪಟ್ಟು ಎಂದು ಅಂದಾಜು ಕಟ್ಟಿದರು. ಚಿನ್ನಕ್ಕೆ ಬೇರೆ ಮೂಲಗಳೂ ಇರಬಹುದು, ಚರ್ಚೆ ಮುಗಿದಿಲ್ಲ. ಆದರೆ ಯಾವ ಮೂಲವಾದರೂ ಅಲ್ಲೊಂದು ಸತ್ತ ನಕ್ಷತ್ರ ಇದ್ದೇ ಇರುತ್ತದೆ. ಹಾಗೆ ಚೆಲ್ಲಿದ ಧೂಳು ಎಲ್ಲೆಲ್ಲೋ ಅಲೆದು ಸೌರಮಂಡಲದ ಪಾಲಿಗೆ ಬಂದು, ಸುಮಾರು 270 ಕೋಟಿ ವರ್ಷದ ಹಿಂದಿನ ಕೋಲಾರದ ಬಂಡೆಗೆ ಸೇರಿ, ಅಜ್ಜಿಯ ಕೊರಳಿಗೆ ಬಂದಿದೆ. ಆಚಾರ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿಕೊಂಡು, "ಅದೇನೇ ಇರಲಿ, ವೇಸ್ಟೇಜು ಕಳೀಬೇಕಾಗ್ತದೆ" ಎಂದರು.

ಗುರುತ್ವ ಅಲೆಯ ಪ್ರಸ್ತಾಪ ಬಂದಾಗ ಬೆಂಗಳೂರಿನವರೊಬ್ಬರ ಹೆಸರು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ: ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿ ಎಂಬುದು ಕಾಗದದ ಮೇಲಿನ ಗಣಿತವೋ ನಿಜವಾದ ವಸ್ತುವೋ ಎಂದು ದೊಡ್ಡವರೇ ಅನುಮಾನಿಸುತ್ತಿದ್ದ ಕಾಲದಲ್ಲಿ ಇವರು ಅಮೆರಿಕದಲ್ಲಿ ಅದರ ಮೇಲೆ ಕೆಲಸ ಮಾಡುತ್ತಿದ್ದರು. ಕಾಣದ ವಸ್ತುವನ್ನು ಕಾಣುವುದು ಹೇಗೆ? ಅದರ ಮೇಲೆ ಅಲೆಗಳನ್ನು ಎಸೆದು, ತಿರುಗಿ ಏನು ಬರುತ್ತದೆ ಎಂದು ನೋಡಬೇಕು. ಕಂಪ್ಯೂಟರಿನಲ್ಲಿ ಹಾಗೇ ಎಸೆದು ನೋಡಿದರು. ಅಲೆಯ ಪೆಟ್ಟು ಬಿದ್ದ ಕಪ್ಪುಕುಳಿ ಒಂದು ನಿಶ್ಚಿತ ಸ್ವರದಲ್ಲಿ ಮಿಡಿದು, ಬೇಗ ಬೇಗ ಕ್ಷೀಣಿಸಿ ಸುಮ್ಮನಾಗುತ್ತದೆ ಎಂದು 1970ರಲ್ಲಿ ಪ್ರಕಟಿಸಿದರು. ಆ ಮಿಡಿತದಿಂದಲೇ ಅದರ ತೂಕ ಹೇಳಬಹುದು. ಮುಂದೆ ಬೆಂಗಳೂರಿಗೆ ಬಂದು ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಶಾಲಾಮಕ್ಕಳಿಗೆ ಆಕಾಶ ತೋರಿಸಿದರು, ಉಪನ್ಯಾಸಗಳಿಗೆ ತಾವೇ ವ್ಯಂಗ್ಯಚಿತ್ರ ಬರೆದರು. 2015ರ ಸೆಪ್ಟೆಂಬರ್ 14ರಂದು ಲೈಗೋಗೆ ಮೊದಲ ಗುರುತ್ವ ಅಲೆ ಸಿಕ್ಕಿತು. 130 ಕೋಟಿ ಜ್ಯೋತಿರ್ವರ್ಷ ಆಚೆ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಕೂಡಿ ಒಂದಾದ ಸದ್ದು. ಕಾಲು ಸೆಕೆಂಡೂ ಇಲ್ಲ. ಅದರ ತುದಿಯಲ್ಲಿ ಆ ಕ್ಷೀಣಿಸುವ ಮಿಡಿತವಿತ್ತು. ಸುದ್ದಿ ಹೊರಬಿದ್ದದ್ದು 2016ರ ಫೆಬ್ರುವರಿ 11ಕ್ಕೆ. ಲೆಕ್ಕ ಹಾಕಿದ 46 ವರ್ಷದ ಮೇಲೆ ಅದನ್ನು ಕೇಳಿ, ಮರು ವರ್ಷ ಜನವರಿಯಲ್ಲಿ ಅವರು ತೀರಿಕೊಂಡರು. ಕಾದದ್ದು ಬಂದೇ ಬರುತ್ತದೆ ಎಂದು ನಾನೇನೂ ಹೇಳುತ್ತಿಲ್ಲ, ಅವರಿಗೆ ಬಂತು.

ಹೀಗೆ ಕಾದ ಇನ್ನೊಬ್ಬರು ಖಭೌತ ವಿಜ್ಞಾನಿ ಚಂದ್ರಶೇಖರ್. ಅವರ ಕಥೆ ನಿಮಗೆ ಗೊತ್ತಿರುವುದೇ, ದೀರ್ಘ ಮಾಡುವುದಿಲ್ಲ. 1930ರಲ್ಲಿ, 19ರ ಹುಡುಗ, ಬೊಂಬಾಯಿಂದ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಲೆಕ್ಕ ಹಾಕಿದ: ತಣಿಯುತ್ತಿರುವ ನಕ್ಷತ್ರದ ತೂಕ ಒಂದು ಮಿತಿ ದಾಟಿದರೆ ಅದು ಕುಸಿಯುವುದನ್ನು ಅದರೊಳಗಿನ ಎಲೆಕ್ಟ್ರಾನುಗಳ ಒತ್ತಡ ತಡೆಯಲಾರದು. ಸೂರ್ಯನ 1.4 ಪಟ್ಟು ಎಂದು ಈಗ ಎಲ್ಲ ಪಠ್ಯಗಳಲ್ಲೂ ಇದೆ. 1935ರಲ್ಲಿ ಆ ಕಾಲದ ಹೆಸರಾಂತ ಖಗೋಳಜ್ಞ ಎಡಿಂಗ್ಟನ್ ತುಂಬಿದ ಸಭೆಯಲ್ಲೇ ಅದನ್ನು ಗೇಲಿ ಮಾಡಿದ. ನೊಬೆಲ್ ಬಂದದ್ದು 1983ಕ್ಕೆ.

ಹಾಗೆ ಕುಸಿಯುತ್ತಲೇ ಹೋದ ನಕ್ಷತ್ರದಿಂದ ಆಗುವ ಕಪ್ಪುಕುಳಿಯನ್ನು ಸಿಕ್ಕಿದ್ದೆಲ್ಲ ನುಂಗುವ ಬಕಾಸುರನೆಂದು ಚಿತ್ರಿಸುವುದು ನನಗೆ ಒಗ್ಗುವುದಿಲ್ಲ. ನಮ್ಮ ಸೂರ್ಯನನ್ನು ಹೇಗೋ ಹಿಸುಕಿ 3 ಕಿಲೋಮೀಟರ್ ತ್ರಿಜ್ಯದ ಕಪ್ಪುಕುಳಿ ಮಾಡಿದಿರಿ ಎನ್ನಿ. ಕತ್ತಲಾಗುತ್ತದೆ, ಚಳಿಗೆ ಸಾಯುತ್ತೇವೆ, ಅದು ಬೇರೆ ಮಾತು. ಆದರೆ ಭೂಮಿ ಎಂದಿನ ದಾರಿಯಲ್ಲೇ 365 ದಿನಕ್ಕೊಮ್ಮೆ ಸುತ್ತುತ್ತ ಇರುತ್ತದೆ. ತೂಕ ಅಷ್ಟೇ ಇರುವಾಗ ಎಳೆತವೂ ಅಷ್ಟೇ. ತೀರಾ ಹತ್ತಿರ ಹೋದವರಿಗೆ ಮಾತ್ರ ಬಿಡುಗಡೆಯಿಲ್ಲ. ಆಕಾಶಗಂಗೆಯ ನಟ್ಟನಡುವೆ ಸೂರ್ಯನ 40 ಲಕ್ಷ ಪಟ್ಟು ತೂಗುವ ಒಂದು ಕೂತಿದೆ. ಅದರ ಸುತ್ತಲಿನ ನಕ್ಷತ್ರಗಳು ವರ್ಷಗಟ್ಟಲೆ ಗಿರಕಿ ಹೊಡೆಯುತ್ತಲೇ ಇವೆ, ಅವುಗಳಲ್ಲೊಂದಕ್ಕೆ ಸುತ್ತು ಮುಗಿಸಲು 16 ವರ್ಷ. ಅವನ್ನು ಬೆನ್ನು ಹತ್ತಿದ ಗೆಂಜೆಲ್ ಮತ್ತು ಗೆಜ್ ಅವರಿಗೆ 2020ರಲ್ಲಿ ನೊಬೆಲ್ ಸಿಕ್ಕಿತು, 2022ರ ಮೇಯಲ್ಲಿ ಅದರ ಚಿತ್ರವೂ ಹೊರಬಂತು: ಮಸುಕು ಕಿತ್ತಳೆ ಬಳೆ, ನಡುವೆ ಕಪ್ಪು.

ಆ ದೊಡ್ಡ ಕಪ್ಪುಕುಳಿ ಇರುವ ದಿಕ್ಕು ನಮ್ಮ ಪಂಚಾಂಗದ ಲೆಕ್ಕದಲ್ಲಿ ಮೂಲಾ ನಕ್ಷತ್ರದ ಪಾಲಿಗೆ ಬೀಳುತ್ತದೆ. ಮೂಲಾ ನಕ್ಷತ್ರದ ಹುಡುಗಿಯಾದರೆ ಮಾವನಿಗೆ ಆಗಿಬರುವುದಿಲ್ಲ ಎಂದು ಜಾತಕ ವಾಪಸು ಕಳಿಸಿದ ಮನೆಗಳನ್ನು ನಾನು ಬಲ್ಲೆ. ಇನ್ನು ಯಾರಾದರೂ ಜ್ಯೋತಿಷಿ ಇದನ್ನು ಓದಿ, 40 ಲಕ್ಷ ಸೂರ್ಯರನ್ನು ಅಡಗಿಸಿಕೊಂಡದ್ದು ಅಲ್ಲಿದೆಯಂತೆ ಎಂದು ಹೊಸ ಆಧಾರ ತೋರಿಸದಿದ್ದರೆ ಸಾಕು. ಅದು 26,000 ಜ್ಯೋತಿರ್ವರ್ಷ ದೂರದಲ್ಲಿದೆ, ಯಾವ ಮಾವನ ತಂಟೆಗೂ ಬಂದದ್ದಲ್ಲ.

ನಮ್ಮ ಗೆಲಾಕ್ಸಿಯೇ ಸರ್ವಸ್ವ ಎಂದುಕೊಂಡಿದ್ದ ಕಾಲ ಅಷ್ಟೇನೂ ಹಿಂದಿನದಲ್ಲ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದ ಫಲಕವೊಂದರಲ್ಲಿ ಹೊಸ ಚುಕ್ಕೆ ಕಂಡು, ಸಿಡಿಯುವ ಜಾತಿಯದೆಂದು ಗುರುತು ಹಾಕಿದ್ದ. ಹಳೆಯ ಫಲಕಗಳ ಜೊತೆ ತಾಳೆ ನೋಡಿದ ಮೇಲೆ ಆ ಗುರುತನ್ನು ಹೊಡೆದು ಹಾಕಿ, ಇದು ಹೊಳಪು ಏರಿಳಿಯುವ ನಕ್ಷತ್ರ ಎಂದು ಬರೆದು ಪಕ್ಕದಲ್ಲಿ ಆಶ್ಚರ್ಯಚಿಹ್ನೆ ಇಟ್ಟ. ಅಂಥ ನಕ್ಷತ್ರಗಳ ಏರಿಳಿತದಿಂದ ದೂರ ಅಳೆಯುವ ಸೂತ್ರವನ್ನು ಹೆನ್ರಿಯೆಟ್ಟಾ ಲೆವಿಟ್ ಎಂಬಾಕೆ ಆಗಲೇ ಕೊಟ್ಟಿದ್ದಳು. ಅಳೆದರೆ ಆಂಡ್ರೊಮಿಡಾ ನಮ್ಮ ಗೆಲಾಕ್ಸಿಯ ಹೊರಗೆ! ಇವತ್ತಿನ ಲೆಕ್ಕದಲ್ಲಿ 25 ಲಕ್ಷ ಜ್ಯೋತಿರ್ವರ್ಷ. ಬೀದಿದೀಪವಿಲ್ಲದ ಊರಿನಲ್ಲಿ, ದೀಪಾವಳಿಯ ಅಮಾವಾಸ್ಯೆಯ ಆಸುಪಾಸಿನಲ್ಲಿ, ಬರಿಗಣ್ಣಿಗೆ ಹೊಗೆಯ ಚುಕ್ಕೆಯಾಗಿ ಕಾಣುತ್ತದೆ.

ಹೀಗೆ ಗೆಲಾಕ್ಸಿಗಳು ಕೋಟಿಗಟ್ಟಲೆ ಇವೆ ಎಂದಾದ ಮೇಲೆ ಸಿಡಿತ ನೋಡುವವರಿಗೆ ಬರಗಾಲವಿಲ್ಲ. ಒಂದೊಂದು ಗೆಲಾಕ್ಸಿಯಲ್ಲಿ ನೂರು ವರ್ಷಕ್ಕೊಂದಾದರೂ ಸಾವಿರ ಗೆಲಾಕ್ಸಿ ನೋಡಿದರೆ ವರ್ಷಕ್ಕೆ ಹತ್ತು. ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಇವಾನ್ಸ್ ಎಂಬ ಪಾದ್ರಿಯೊಬ್ಬರಿದ್ದರು. ಹಗಲು ಚರ್ಚಿನ ಕೆಲಸ, ರಾತ್ರಿ ಮನೆಯಂಗಳದಲ್ಲಿ ಒಂದು ಸಾಧಾರಣ ದೂರದರ್ಶಕ. ನೂರಾರು ಗೆಲಾಕ್ಸಿಗಳ ಚಹರೆಯನ್ನು ಬಾಯಿಪಾಠದಂತೆ ನೆನಪಿಟ್ಟುಕೊಂಡು, ಒಂದೊಂದನ್ನೇ ಸರಸರನೆ ನೋಡುತ್ತ, ನಿನ್ನೆಯಿಲ್ಲದ ಚುಕ್ಕೆ ಇವತ್ತಿದೆಯೇ ಎಂದು ಹುಡುಕುತ್ತಿದ್ದರು. ಹೀಗೆ ಬರೀ ಕಣ್ಣಿನ ಬಲದಿಂದ ನಲವತ್ತಕ್ಕೂ ಹೆಚ್ಚು ಸೂಪರ್ನೋವಾಗಳನ್ನು ಹಿಡಿದರು. ಈಗ ಆ ಕೆಲಸವನ್ನು ಬಹುಪಾಲು ಯಂತ್ರಗಳು ಮಾಡುತ್ತವೆ. ಆದರೂ 2023ರ ಮೇ 19ರಂದು ಸಪ್ತರ್ಷಿ ಮಂಡಲದ ದಿಕ್ಕಿನ ಗೆಲಾಕ್ಸಿಯೊಂದರಲ್ಲಿ, ಸುಮಾರು 2 ಕೋಟಿ ಜ್ಯೋತಿರ್ವರ್ಷ ದೂರದ ಸಿಡಿತವನ್ನು ಮೊದಲು ಕಂಡವರು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ. ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ದೂರದರ್ಶಕವೂ ಅದನ್ನು ಹಿಂಬಾಲಿಸಿತು.

ಹಾನ್ಲೆ ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರ, ಉಸಿರಾಡುವುದೇ ಕಷ್ಟ. ಅದಕ್ಕೆಂದೇ ಅಲ್ಲಿನ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಹೊಸಕೋಟೆ ಎಂದರೆ ಬೆಂಗಳೂರಿನವರಿಗೆ ನಸುಕಿನ ಬಿರಿಯಾನಿ. ಭಾನುವಾರ ನಾಲ್ಕು ಗಂಟೆಗೇ ಕಾರು ಹತ್ತಿ ಹೋಗಿ ಸಾಲು ನಿಲ್ಲುತ್ತಾರೆ. ಅದೇ ಊರಿನಲ್ಲಿ, ಅದೇ ಹೊತ್ತಿನಲ್ಲಿ, ಯಾರೋ ಒಬ್ಬರು ರಾತ್ರಿಯಿಡೀ ಕೂತು ಕೋಟಿ ವರ್ಷದ ಹಳೆಯ ಬೆಂಕಿಯನ್ನು ಅಳೆದು ಮುಗಿಸುತ್ತಿರುತ್ತಾರೆ. ಅವರಿಗೂ ಹಸಿವಾಗುತ್ತದಲ್ಲ, ಆ ಸಾಲಿನಲ್ಲಿ ಅವರೂ ಇರಬಹುದು.

ದೂರದವು ಎಷ್ಟೇ ಸಿಡಿಯಲಿ, ನನ್ನ ಆಸೆ ಹತ್ತಿರದ್ದು. ಅದಕ್ಕೂ ಒಂದು ವ್ಯವಸ್ಥೆ ಇದೆ ಎಂದು ತಿಳಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಜಗತ್ತಿನ ಹಲವು ನ್ಯೂಟ್ರಿನೋ ಪತ್ತೆಯಂತ್ರಗಳು ಸೇರಿ ಒಂದು ಮುನ್ಸೂಚನೆಯ ಜಾಲ ಕಟ್ಟಿಕೊಂಡಿವೆ, ಹೆಸರು ಸ್ನ್ಯೂಸ್. ನಮ್ಮ ಆಕಾಶಗಂಗೆಯಲ್ಲಿ ಎಲ್ಲೇ ನಕ್ಷತ್ರದ ಗರ್ಭ ಕುಸಿದರೂ, ಬೆಳಕು ಬರುವುದಕ್ಕೆ ಮೊದಲೇ ನ್ಯೂಟ್ರಿನೋ ಬಂದು ಎರಡು ಮೂರು ಕಡೆ ಒಟ್ಟಿಗೆ ಸದ್ದಾಗುತ್ತದೆ. ಕೂಡಲೇ ಕಂಪ್ಯೂಟರು ಎಲ್ಲರಿಗೂ ಈಮೇಲ್ ಕಳಿಸುತ್ತದೆ. ವಿಜ್ಞಾನಿಗಳೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ಹೆಸರು ಕೊಡಬಹುದು. ನಾನು ಕೊಟ್ಟು ವರ್ಷಗಳಾದವು. ಮೇಲ್ ಬಂದ ಕೂಡಲೇ ಮಹಡಿ ಹತ್ತುವುದು, ದೊಡ್ಡಪ್ಪನಿಗೆ ಫೋನ್ ಮಾಡುವುದು, ಎಲ್ಲ ಮನಸ್ಸಿನಲ್ಲೇ ತಯಾರಿದೆ. ಮೊನ್ನೆ ಹೆಂಡತಿಯ ಹತ್ತಿರ ಹೇಳಿಕೊಂಡೆ, ಇಷ್ಟು ದಿನವಾದರೂ ಒಂದೂ ಬರಲಿಲ್ಲವಲ್ಲ ಎಂದು. ಅವಳು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದವಳು ತಲೆಯೆತ್ತದೆ ಹೇಳಿದಳು:

"ಸ್ಪ್ಯಾಮಲ್ಲಿ ಒಂದ್ಸಲ ನೋಡ್ರೀ."